ಫುಡ್ ಕೋರ್ಟಿನಲ್ಲಿ ರಾಗಿ ಹೊಲ

ನಮ್ಮ ಯಜಮಾನ್ರು ಕೆಟ್ಟೋರಲ್ಲ, ಅವರ ಬಾಯಿ ಕೆಟ್ಟದ್ದು. ಹೊಟ್ಟೆ ತುಂಬಿ, ಪಕ್ಕದಲ್ಲಿ ನಾಲ್ಕು ಜನ ನೆಂಟರು ಕೂತಿದ್ರೆ ಮುಗೀತು, ನಾಲಿಗೆಗೆ ಬ್ರೇಕೇ ಇರಲ್ಲ. ಅವತ್ತು ಅವರ ಸೋದರಮಾವ ಬಂದಿದ್ರು. ಮುದ್ದೆ, ಹಿತಕಿದ ಬೇಳೆ ಸಾರು. ಅತ್ತೆ ಗೋಡೆಗೆ ಒರಗಿ ಎಲೆ ಅಡಿಕೆ ಹಾಕ್ಕೊತಿದ್ರು. ಮಾತು ಹೊಲದ ಕಡೆ ತಿರುಗಿತು. "ಅವ್ವಾ, ಆ ತುಂಡನ್ನ ಹೊಲ ಅಂತ ಅನ್ಕೊಂಡಿರೋಳು ನೀನೊಬ್ಳೇ. ಸರ್ಕಾರದೋರು ಬಂದು, ಹೌದು ಇದು ಹೊಲ, ಇಲ್ಲಿ ಮಳೆಗೆ ಬೆಳೆ ಹೋಗೈತೆ ಅಂತ ಒಪ್ಕೊಂಡು ಪರಿಹಾರ ಹಾಕ್ಲಿ, ಆಮೇಲೆ ಪಾರ್ಕಿಂಗ್ ಅನ್ನೋ ಮಾತು ನನ್ನ ಬಾಯಲ್ಲಿ ಬಂದ್ರೆ ಕೇಳು!" ಅಂದ್ಬಿಟ್ರು. ಸೋದರಮಾವ ಕೈಯಲ್ಲಿದ್ದ ತುತ್ತು ಕೈಯಲ್ಲೇ ಹಿಡ್ಕೊಂಡು, "ಈ ಮಾತಿಗೆ ನಾನು ಸಾಕ್ಷಿ ಕಣಪ್ಪ" ಅಂದ್ರು. ಎಲೆಗೆ ಸುಣ್ಣ ಸವರ್ತಿದ್ದ ಅತ್ತೆಯ ಬೆರಳು ನಿಂತಿತು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಸುಮ್ನೆ ಹೇಳಿಲ್ಲ ಹಿರಿಯರು.

ಹೊಲ ಅಂದ ತಕ್ಷಣ ದೊಡ್ಡದಾಗಿ ಏನೇನೋ ಕಲ್ಪಿಸ್ಕೋಬೇಡಿ. ಹೆಬ್ಬಗೋಡಿ ಕಡೆ ನಮ್ಮದು ಲೇಡೀಸ್ ಪೀಜಿ. ಆ ಪೀಜಿ ಬೆನ್ನಿಗೆ ಒಂದು ತುಂಡು ನೆಲ. ಅದರಾಚೆ ಟೆಕ್ ಪಾರ್ಕಿನ ಕಾಂಪೌಂಡ್ ಗೋಡೆ, ಒಂದು ಪಕ್ಕಕ್ಕೆ ಬಿರಿಯಾನಿ ಹೋಟ್ಲಿನ ಹಿಂಬಾಗಿಲು, ಇನ್ನೊಂದು ಪಕ್ಕಕ್ಕೆ ರಸ್ತೆ. ಇದರ ಮಧ್ಯೆ ನಮ್ಮ ಅತ್ತೆ ವರ್ಷಾ ವರ್ಷ ರಾಗಿ ಹಾಕ್ತಾರೆ, ಸಾಲಿಗೆ ಅವರೆಕಾಳೂ ಹಾಕ್ತಾರೆ. ಮೇಲಿನ ಬಾಲ್ಕನಿಗಳಿಂದ ರಾಗಿ ಮೇಲೆ ಟವೆಲು ಬೀಳ್ತವೆ, ಕ್ಲಿಪ್ಪು ಬೀಳ್ತವೆ, ಒಂದ್ಸಲ ಮೂರನೇ ಮಹಡಿ ಮೂಲೆ ರೂಮಿನ ಹುಡುಗಿಯ ಲ್ಯಾಪ್‌ಟಾಪ್ ಚಾರ್ಜರ್ರೇ ಬಿತ್ತು. ಅತ್ತೆ ಎಲ್ಲಾ ಆಯ್ಕೊಂಡು, ಮಡಚಿ, ಮೆಟ್ಟಿಲು ಹತ್ತಿ ಹೋಗಿ, "ಯಾವಳ್ದೇ ಇದು? ನನ್ನ ತೆನೆ ಮುರೀತಲ್ಲೇ" ಅಂತ ಬಾಗಿಲು ಬಡೀತಿದ್ರು. ಡೆಲಿವರಿ ಹುಡುಗರು ಗೋಡೆ ಕಡೆ ಮುಖ ಮಾಡಿ ನಿಂತ್ರೆ ಕುಡುಗೋಲು ಹಿಡ್ಕೊಂಡು ಓಡಿಸ್ತಿದ್ರು. ಅರ್ಧ ಕೆಲಸದಲ್ಲಿ ಓಡಿದೋರು ಎಷ್ಟು ಜನ ಅಂತ ನಾನು ಅಡಿಗೆಮನೆ ಕಿಟಕಿಯಿಂದ ನೋಡಿದ್ದೀನಿ.

ನನ್ನ ವಿಷಯಕ್ಕೆ ಬಂದ್ರೆ, ನಾನು ಹುಟ್ಟಿ ಬೆಳೆದಿದ್ದು ಪೀಣ್ಯದಲ್ಲಿ. ಅಪ್ಪ ಲೇತ್ ಮಷೀನ್ ಮುಂದೆ ನಿಂತು ನಮ್ಮನ್ನ ಸಾಕಿದೋರು. ನಮ್ಮ ಮನೇಲಿ ಮಣ್ಣು ಅಂತ ಇದ್ದಿದ್ದು ತುಳಸಿ ಕುಂಡದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಹೊಸದ್ರಲ್ಲೇ ಹೇಳ್ಬಿಟ್ಟಿದ್ದೆ, ಎಷ್ಟು ಜನಕ್ಕೆ ಬೇಕಾದ್ರೂ ಅಡಿಗೆ ಮಾಡ್ತೀನಿ, ಹೊಲಕ್ಕೆ ಮಾತ್ರ ಕರೀಬೇಡಿ ಅಂತ. ಅತ್ತೆನೂ ಕರೀಲಿಲ್ಲ. ಪಾರ್ಕಿಂಗ್ ಮಾತು ಬಂದಾಗ ನಾನು ಯಜಮಾನ್ರ ಕಡೆಗೇ ಇದ್ದೆ, ಮುಚ್ಚಿಡೋದ್ಯಾಕೆ. ಟೆಕ್ ಪಾರ್ಕಿಗೆ ಬರೋ ಕಾರುಗಳಿಗೆ ಜಾಗ ಸಾಲ್ತಿರಲಿಲ್ಲ, ಒಬ್ಬ ಕಂಟ್ರಾಕ್ಟರು ಹೊಲ ಕೇಳ್ಕೊಂಡು ಬಂದಿದ್ದ. ಆ ಬಾಡಿಗೆ ಬಂದ್ರೆ ಪೀಜಿಗೆ ಲಿಫ್ಟ್ ಹಾಕ್ಸೋಣ ಅಂತ ಯಜಮಾನ್ರು ಆಸೆ ಹುಟ್ಟಿಸಿದ್ರು. ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ ಎಲ್ಲಾ ಮಹಡಿಗೆ ಹತ್ತಿಸೋ ಸಂಕಟ ನನಗೆ ಗೊತ್ತು. ಅತ್ತೆಗೆ ತೆನೆ ಚಿಂತೆ, ನನಗೆ ಲಿಫ್ಟ್ ಚಿಂತೆ.

ಇಷ್ಟಕ್ಕೆಲ್ಲ ಕಾರಣ ಮಳೆ. ಕೊಯ್ಲಿಗೆ ಬಂದ ಕಾಲದಲ್ಲಿ ಎಲ್ಲೋ ಸಮುದ್ರದಲ್ಲಿ ಚಂಡಮಾರುತ ಎದ್ದು, ಇಲ್ಲಿ ಬಿಡದೆ ಹೊಡೀತು. ಟೆಕ್ ಪಾರ್ಕಿನ ಬೇಸ್‌ಮೆಂಟಿಗೆ ನೀರು ನುಗ್ಗಿತು. ಅವರು ಪಂಪ್ ಇಟ್ಟು, ದಪ್ಪ ಪೈಪು ಗೋಡೆ ಮೇಲಿಂದ ಈಚೆಗೆ ಬಿಟ್ರು. ಅವರ ಕಾರುಗಳು ಒಣಗಿದವು, ನಮ್ಮ ರಾಗಿ ಮುಳುಗಿತು. ನೀರು ಇಳಿದಾಗ ನೋಡಿದ್ರೆ ಪೈರೆಲ್ಲ ನೆಲಕ್ಕೆ ಮಲಗಿತ್ತು, ತೆನೆ ತೆನೆಯಲ್ಲೇ ಮೊಳಕೆ ಒಡೆದಿತ್ತು. ಬದು ಮೇಲೆ ನಿಂತು, "ಏನತ್ತೆ, ಎಲ್ಲಾ ಹೋಯ್ತಾ?" ಅಂತ ಕೇಳಿದೆ. ಅವರು ನನ್ನನ್ನ ಕೆಂಗಣ್ಣಲ್ಲಿ ನೋಡಿ, "ಉಲುಸಾಗೈತೆ" ಅಂದ್ರು.

ಹುಲುಸು ಅಂದ್ರೆ ಸಮೃದ್ಧಿ. ಹಾಗಂತ ಅತ್ತೆಗೆ ಕಣ್ಣು ಕಾಣಲ್ಲ ಅಂತಲ್ಲ. ಹೊಲದಲ್ಲಿ, ಕಣದಲ್ಲಿ ನಿಂತಾಗ ಹೋಯ್ತು, ಹಾಳಾಯ್ತು, ಇಲ್ಲ, ಮುಗೀತು ಅನ್ನೋ ಮಾತು ಬಾಯಿಗೆ ಬರಕೂಡದು, ಭೂಮ್ತಾಯಿ ಕೇಳಿಸ್ಕೊತಾಳೆ, ಆಮೇಲೆ ಹಾಗೇ ಮಾಡ್ತಾಳೆ. ರಾಗಿ ಅಳೆಯುವಾಗ ಮೊದಲ್ನೇ ಸೇರಿಗೆ ಒಂದು ಅನ್ನಲ್ಲ, "ಲಾಭ" ಅಂತಾರೆ. ಹೊರಡುವಾಗ ನಾವೆಲ್ಲ ಹೋಗ್ತೀನಿ ಅನ್ನದೆ ಬರ್ತೀನಿ ಅನ್ನಲ್ವಾ, ಅದೇ ಥರ, ಆದ್ರೆ ಇನ್ನೂ ಕಟ್ಟುನಿಟ್ಟು. ನನಗೆ ಆಗ ಇದೆಲ್ಲ ಮುದುಕೀರ ಹುಚ್ಚಾಟ ಅನ್ನಿಸ್ತಿತ್ತು. ಈ ಹುಚ್ಚಾಟ ಸರ್ಕಾರದ ಕೆಲಸಕ್ಕೆ ಅಡ್ಡ ಬರುತ್ತೆ ಅಂತ ಕನಸು ಮನಸಲ್ಲೂ ಎಣಿಸಿರಲಿಲ್ಲ.

ಯಜಮಾನ್ರು ಸವಾಲು ಹಾಕಿದ ಮಾರನೇ ದಿನವೇ ಅತ್ತೆ ಒಗೆದ ಸೀರೆ ಉಟ್ಟು ನನ್ನ ಸ್ಕೂಟಿ ಪಕ್ಕ ಬಂದು ನಿಂತ್ರು. "ನಾಡಕಚೇರಿಗೆ ಬಿಡೇ." ನಾನು, "ಅತ್ತೆ, ಇಷ್ಟು ದೊಡ್ಡ ಬಿಲ್ಡಿಂಗಿನ ಬಾಡಿಗೆ ತಿನ್ನೋರು ಪರಿಹಾರ ಕೇಳಿದ್ರೆ ಜನ ಉಗೀತಾರೆ" ಅಂದೆ. "ಬಿಲ್ಡಿಂಗ್ ಮುಳುಗಿದ್ರೆ ಬಿಲ್ಡಿಂಗಿಗೆ ಕೇಳ್ತಿದ್ದೆ. ಮುಳುಗಿರೋದು ಒಲ" ಅಂದ್ರು. ಇದಕ್ಕೆ ನೀವು ಏನು ಉತ್ತರ ಕೊಡ್ತೀರಿ? ಕರ್ಕೊಂಡು ಹೋದೆ. ಅಲ್ಲಿ ಮಾತಾಡಿದ್ದೆಲ್ಲ ನಾನೇ, ಅತ್ತೆ ಬೆಂಚಲ್ಲಿ ಗಂಭೀರವಾಗಿ ಕೂತಿದ್ರು.

ಕೊನೆಗೂ ಗ್ರಾಮ ಲೆಕ್ಕಿಗರು ಹೊಲ ನೋಡೋಕೆ ಬಂದ್ರು. ಹೆಂಗಸು, ನನಗಿಂತ ಚಿಕ್ಕೋರು, ತುಮಕೂರು ಕಡೆಯೋರು. ಹೆಲ್ಮೆಟ್ ತೆಗೆದ ತಲೆಗೂದಲು ಹಕ್ಕಿಗೂಡಾಗಿತ್ತು. ಬಂದವರೇ, "ನೀರು ಕೊಡಿ ಅಕ್ಕ" ಅಂದ್ರು, ಒಂದು ಚೊಂಬು ಪೂರ್ತಿ ಕುಡಿದ್ರು. ಆಮೇಲೆ ಹೇಳಿದ್ರು, "ನಾಳೆಗೆ ನಮ್ಮ ಪಟ್ಟಿ ಕ್ಲೋಸ್ ಆಗತ್ತೆ. ಇವತ್ತು ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ. ಈ ಕಡೆ ಒಬ್ಬರು ಪುಣ್ಯಾತ್ಮರು ನಾಲ್ಕು ಮಹಡಿ ಪೀಜಿ ನಿಂತಿರೋ ಜಾಗದಲ್ಲಿ ರಾಗಿ ಮುಳುಗಿದೆ ಅಂತ ಬರೆಸಿದ್ರು. ಅದಕ್ಕೆ ಈಗ ಮೇಲಿನವರು ಫೋಟೋ ಸಾಲ್ದು, ರೈತರು ಹೊಲದಲ್ಲೇ ನಿಂತು ಬೆಳೆ ನಷ್ಟ ಆಗಿದೆ ಅಂತ ಬಾಯ್ಬಿಟ್ಟು ಹೇಳೋ ವಿಡಿಯೋನೂ ಬೇಕು ಅಂತಿದ್ದಾರೆ."

ಅತ್ತೆ ಮುಖ ನೋಡಿದೆ. ಅವರು ಚಪ್ಪಲಿ ಬದು ಮೇಲೆ ಬಿಟ್ಟು, ಹೊಲದ ಮಧ್ಯೆ ಹೋಗಿ, ಸೆರಗು ಸರಿ ಮಾಡ್ಕೊಂಡು, ಮದುವೆ ಫೋಟೋಕ್ಕೆ ನಿಂತಂಗೆ ನಿಂತಿದ್ರು.

"ಮೊದ್ಲು ಒಂದ್ಸಲ ಸುಮ್ನೆ ಹೇಳಿ ನೋಡೋಣ ಅಜ್ಜಿ. ಈ ಮಳೆಗೆ ನಿಮ್ಮ ಬೆಳೆ ಏನಾಯ್ತು?"

"ಉಲುಸಾಗೈತೆ ಕಣವ್ವ."

ಮೇಡಂ ಫೋನ್ ಕೆಳಗಿಳಿಸಿದ್ರು. "ಹಾಗಂದ್ರೆ ಚೆನ್ನಾಗಿದೆ ಅಂತ ಆಗತ್ತಲ್ಲ ಅಜ್ಜಿ."

"ಊಂ."

"ಚೆನ್ನಾಗಿದ್ರೆ ಪರಿಹಾರ ಯಾಕೆ ಕೊಡ್ಬೇಕು?"

"ಕಣ್ಣಿಗೆ ಕಾಣ್ತೈತಲ್ಲ ತಾಯಿ, ಬಾಯಲ್ಯಾಕೆ?"

ಮೇಡಂ ನನ್ನ ಕಡೆ ತಿರುಗಿದ್ರು. ನಾನು ವಿಷಯ ಬಿಡಿಸಿ ಹೇಳಿದೆ. ಪಾಪ, ಅವರಿಗೆ ಕೋಪ ಬರಲಿಲ್ಲ. "ನಮ್ಮಜ್ಜಿನೂ ಹಿಂಗೇ ಅಕ್ಕ. ಆದ್ರೆ ನಮ್ಮ ಸಾಹೇಬ್ರಿಗೆ ಇಂಥ ಅಜ್ಜಿ ಇಲ್ವಲ್ಲ" ಅಂದ್ರು. ಆಮೇಲೆ ಉಪಾಯ ಮಾಡಿ ಸುತ್ತಿ ಬಳಸಿ ಕೇಳಿದ್ರು, "ಅಜ್ಜಿ, ಹೋದ ವರ್ಷದಷ್ಟು ರಾಗಿ ಈ ವರ್ಷ ಬರತ್ತಾ?" ಅತ್ತೆ ಎದೆ ಸೆಟೆಸಿ, "ಅದಕ್ಕಿಂತ ಜಾಸ್ತಿನೇ!" ಅಂದ್ರು. ಕಾಲ ಕೆಳಗೆ ಮೊಳಕೆ ಒಡೆದ ತೆನೆ ಪಚಪಚ ಅಂತಿತ್ತು. ಬಿರಿಯಾನಿ ಹೋಟ್ಲಿನ ಅಡಿಗೆಯವನು ಹಿಂಬಾಗಿಲಲ್ಲಿ ನಿಂತು ಈರುಳ್ಳಿ ಹೆಚ್ಚೋದು ಬಿಟ್ಟು ನಗ್ತಿದ್ದ. ನಾನು ಅವನಿಗೆ ಎರಡು ಮಾತು ಬೈದು ಒಳಗೆ ಕಳಿಸಿದೆ.

"ಹೋಗ್ಲಿ, ಫೋಟೋ ಆದ್ರೂ ತೆಗೆಯೋಣ" ಅಂತ ಮೇಡಂ ಸರ್ಕಾರದ ಆ್ಯಪ್ ತೆಗೆದ್ರು. ಅಲ್ಲಿ ಇನ್ನೊಂದು ಗ್ರಹಚಾರ ಕಾಯ್ತಿತ್ತು. ಫೋನಲ್ಲಿ ಕೆಂಪು ಗೆರೆ ಅಂದ್ರೆ ಹೊಲ, ನೀಲಿ ಚುಕ್ಕಿ ಅಂದ್ರೆ ನಾವು. ಚುಕ್ಕಿ ಗೆರೆ ಒಳಗಿದ್ರೆ ಮಾತ್ರ ಬಟನ್ ಹಸಿರಾಗೋದು. ಮೇಡಂ ಹೊಲದ ನಟ್ಟನಡುವೆ ನಿಂತಿದ್ರೂ ಚುಕ್ಕಿ ಗೆರೆಯಿಂದ ಆಚೆಗೇ ಇತ್ತು. ಮೇಡಂ ಫೋನ್ ಎತ್ತಿ ಹಿಡ್ಕೊಂಡು ಆ ಮೂಲೆಗೆ ಹೋದ್ರು, ಈ ಮೂಲೆಗೆ ಬಂದ್ರು, ಅವರ ಹಿಂದೆ ನಾನು ಬದು ಮೇಲೆ, ನನ್ನ ಹಿಂದೆ ಅತ್ತೆ. ಕೊನೆಗೆ ಗೋಡೆಗೆ ಮುಖ ಹತ್ತಿಸಿ ನಿಂತು, "ಅಯ್ಯೋ ಶಿವನೇ, ನಿಮ್ಮ ಹೊಲ ಗೋಡೆ ಆಚೆ ಇದೆ ಅಕ್ಕ" ಅಂದ್ರು.

ಆಗಿದ್ದು ಇಷ್ಟು. ನಮ್ಮ ಮಾವ ಇದ್ದಾಗ ಈ ಜಮೀನಿನ ಮುಕ್ಕಾಲು ಪಾಲು ಮಾರಾಟವಾಗಿ, ಅಲ್ಲೇ ಟೆಕ್ ಪಾರ್ಕ್ ಎದ್ದಿತ್ತು. ಉಳಿದಿದ್ದು ಈ ತುಂಡು. ಹೋಳು ಮಾಡಿ ಸರ್ವೆ ನಂಬರ್ ಹಾಕುವಾಗ ಯಾರೋ ಮಹಾನುಭಾವರು ಮಾರಿದ್ದನ್ನ ನಮ್ಮದು, ನಮ್ಮದನ್ನ ಮಾರಿದ್ದು ಅಂತ ಅದಲು ಬದಲು ಮಾಡಿದ್ದಾರೆ. "ಸರಿ ಮಾಡ್ಸೋಕೆ ಅರ್ಜಿ ಕೊಟ್ರೆ ಮುಂದಿನ ಮಳೆಗಾಲ ಬರತ್ತೆ" ಅಂತ ಮೇಡಂ ತಲೆ ಮೇಲೆ ಕೈ ಹೊತ್ತು ಬದು ಮೇಲೆ ಕೂತ್ರು. ಗೆರೆ ಎಲ್ಲಿ ಬೀಳ್ತಿದೆ ಅಂತ ನಾನು ದೊಡ್ಡದು ಮಾಡಿ ನೋಡಿದೆ. ಟೆಕ್ ಪಾರ್ಕಿನ ಫುಡ್ ಕೋರ್ಟಿನ ಮೇಲೆ.

ಅಲ್ಲೇ ನನ್ನ ತಲೆಗೆ ಹೊಳೀತು ನೋಡಿ. "ಮೇಡಂ, ಒಳ್ಳೇದೇ ಆಯ್ತು! ಹೊಲದಲ್ಲಿ ತಾನೆ ಅತ್ತೆ ಆ ಮಾತು ಅನ್ನಲ್ಲ? ಫುಡ್ ಕೋರ್ಟು ಹೊಲ ಅಲ್ವಲ್ಲ. ಅಲ್ಲಿ ನಿಂತು ಹೇಳ್ತಾರೆ, ನಿಮ್ಮ ಫೋನಿಗೆ ಅದೇ ಹೊಲ." ಮೇಡಂ ಧಡಕ್ಕನೆ ಎದ್ರು. ಅತ್ತೆ ಸ್ವಲ್ಪ ಯೋಚನೆ ಮಾಡಿ, "ಮಾರ್ಬಲ್ ಮೇಲಾದ್ರೆ ಪರವಾಗಿಲ್ಲ" ಅಂತ ಒಪ್ಕೊಂಡ್ರು. ಫೋಟೋದಲ್ಲಿ ಬೆಳೆ ಕಾಣ್ಬೇಕಲ್ಲ, ಒಂದು ಹೊರೆ ಹಾಳಾದ ಪೈರು ಕೊಯ್ದು, ಸಿಂಬಿ ಇಟ್ಟು ತಲೆ ಮೇಲೆ ಹೊತ್ಕೊಂಡ್ರು. ನಾನು ಮೂರನೇ ಮಹಡಿಯ ಚಾರ್ಜರ್ ಹುಡುಗಿಗೆ ಫೋನ್ ಮಾಡಿದೆ. ಅವಳು ಕೆಲಸ ಮಾಡೋದು ಅದೇ ಟೆಕ್ ಪಾರ್ಕಲ್ಲಿ. "ಗೇಟಿಗೆ ಬಾಮ್ಮ, ನಿನ್ನ ಗೆಸ್ಟ್ ಅಂತ ಮೂರು ಜನ ಬರ್ತಿದ್ದೀವಿ, ಒಂದು ಹೊರೆ ರಾಗಿನೂ ಇದೆ" ಅಂದೆ. ಅವಳು, "ರಾಗಿನಾ ಆಂಟಿ?" ಅಂತ ಎರಡು ಸಲ ಕೇಳಿದಳು.

ಗೇಟಿನ ಸೆಕ್ಯೂರಿಟಿಯವನು ಅಡ್ಡ ನಿಂತ. "ಯಾರನ್ನ ಮೀಟ್ ಮಾಡ್ಬೇಕು?"

"ನಮ್ಮ ಒಲಾನ" ಅಂದ್ರು ಅತ್ತೆ.

"ಡೆಲಿವರಿ ಆದ್ರೆ ಆ ಕಡೆ ಗೇಟು ಅಮ್ಮ."

ಮೇಡಂ ತಮ್ಮ ಐಡಿ ತೋರಿಸಿದ್ರು. ಸರ್ಕಾರ ಅಂದ ತಕ್ಷಣ ಅವನು ನೆಟ್ಟಗೆ ನಿಂತ, ಆದ್ರೆ ಬಿಡಲಿಲ್ಲ. ಅಷ್ಟರಲ್ಲಿ ಹುಡುಗಿ ಕತ್ತಲ್ಲಿ ಟ್ಯಾಗ್ ನೇತಾಡಿಸ್ಕೊಂಡು ಓಡಿ ಬಂದಳು. ಕಂಪ್ಯೂಟರಲ್ಲಿ ಬಂದ ಕಾರಣ ಹಾಕ್ಬೇಕಂತೆ, ಅದರಲ್ಲಿದ್ದಿದ್ದು ಮೀಟಿಂಗು, ಇಂಟರ್ವ್ಯೂ, ರಿಪೇರಿ, ಇಷ್ಟೇ. ಅವಳು ಇಂಟರ್ವ್ಯೂ ಒತ್ತಿದಳು. ಹೊರೆಯನ್ನ ಬ್ಯಾಗ್ ನೋಡೋ ಮಷೀನಿಗೆ ತಳ್ಳಿದ್ರು, ಆಚೆ ಕಡೆಯಿಂದ ಅರ್ಧ ಹೊರೆ ಬಂತು, ಉಳಿದದ್ದು ಒಳಗೇ ಸಿಕ್ಕಿಹಾಕ್ಕೊಂಡು ಇಬ್ಬರು ಎಳೀಬೇಕಾಯ್ತು. ಅತ್ತೆ ಮೆಟಲ್ ಡಿಟೆಕ್ಟರ್ ಬಾಗಿಲು ದಾಟಿದ್ದೇ ತಡ, ಅದು ಕುಂಯ್ ಅಂತ ಕೂಗ್ತು. ಸೊಂಟದಲ್ಲಿ ಕುಡುಗೋಲು! ಸೆಕ್ಯೂರಿಟಿಯವನ ಮುಖ ಬಿಳಿಚಿಕೊಂಡಿತು. ಅತ್ತೆ ಅದನ್ನ ಲ್ಯಾಪ್‌ಟಾಪ್ ಇಡೋ ಟ್ರೇಯಲ್ಲಿ ಮರ್ಯಾದೆಯಾಗಿ ಇಟ್ಟು, "ಅರಿತ ಐತೆ, ಉಸಾರು" ಅಂದ್ರು. ಅವನು ಅದಕ್ಕೊಂದು ಟೋಕನ್ ಕೊಟ್ಟು, ಸೆರಗಿಗೆ ವಿಸಿಟರ್ ಅಂತ ಸ್ಟಿಕ್ಕರ್ ಅಂಟಿಸಿ ಕಳಿಸಿದ.

ಊಟದ ಹೊತ್ತು. ಫುಡ್ ಕೋರ್ಟು ಸಂತೆಯಾಗಿತ್ತು. ಮೇಡಂ ಫೋನ್ ನೋಡ್ಕೊಂಡು ಮುಂದೆ, ಹೊರೆ ಹೊತ್ತ ಅತ್ತೆ ಹಿಂದೆ, ನಾನು, ನನ್ನ ಹಿಂದೆ ಹುಡುಗಿ ಎಲ್ಲರಿಗೂ ಸಾರಿ ಸಾರಿ ಅಂತ ಹೇಳ್ಕೊಂಡು. ಜ್ಯೂಸ್ ಕೌಂಟರಿಗೂ ಕೈ ತೊಳೆಯೋ ನಲ್ಲಿಗೂ ಮಧ್ಯೆ ಒಂದು ಟೇಬಲ್ ಹತ್ರ ಬಂದಾಗ ಚುಕ್ಕಿ ಗೆರೆ ಒಳಗೆ ಬಿತ್ತು. "ಬಂತು ಬಂತು, ಹೊಲ ಬಂತು!" ಅಂತ ಮೇಡಂ ಕೂಗಿದ್ರು. ಆ ಟೇಬಲ್ಲಲ್ಲಿ ಇಬ್ಬರು ಹುಡುಗರು ಫ್ರೈಡ್ ರೈಸ್ ತಿಂತಿದ್ರು. "ಸ್ವಲ್ಪ ಏಳ್ರಪ್ಪ, ಇದು ನಮ್ಮ ಹೊಲ" ಅಂದೆ. ಪಾಪ, ಪ್ಲೇಟ್ ಎತ್ಕೊಂಡು ಎದ್ದೇಬಿಟ್ರು. ಅತ್ತೆ ಹೊರೆ ಇಳಿಸಿದ್ರು, ಕೊಳೆತ ಹುಲ್ಲಿನ ವಾಸನೆ ಮೂಗಿಗೆ ಹೊಡೀತು. ಒಬ್ಬಳು ಹುಡುಗಿ ಹತ್ರ ಬಂದು, "ಮಿಲೆಟ್ ಫೆಸ್ಟಿವಲ್ಲಾ ಆಂಟಿ? ಫ್ರೀ ಸ್ಯಾಂಪಲ್ ಇದ್ಯಾ?" ಅಂತ ಕೇಳಿದಳು. ನಾನು ಇಲ್ಲಮ್ಮ ಅಂದೆ, ಆದ್ರೂ ಅವಳ ಹಿಂದೆ ಕ್ಯೂ ಶುರುವಾಯ್ತು.

ಫೋಟೋ ಆಯ್ತು. ಮೇಡಂ ವಿಡಿಯೋ ಒತ್ತಿ, "ಹೇಳಿ ಅಜ್ಜಿ" ಅಂದ್ರು.

ಅತ್ತೆ ಕ್ಯಾಮೆರಾ ನೋಡ್ತಿರಲಿಲ್ಲ. ಗಾಜಿನ ಗೋಡೆಯಾಚೆ ನೋಡ್ತಿದ್ರು. ಅಲ್ಲಿ ಹೊರಗೆ ಒಂದು ಅಗಲವಾದ ಬಂಡೆ. ಸುತ್ತ ಹೂವಿನ ಕುಂಡ ಇಟ್ಟು, ಬಣ್ಣದ ಲೈಟು ಹಾಕಿ, ಬೆಂಚು ಹಾಕಿದ್ರು. ಅತ್ತೆ ಗಾಜಿನ ಹತ್ರ ಹೋಗಿ ಎರಡೂ ಕೈ ಊರಿ ನಿಂತ್ರು. "ಇದು ನಮ್ಮ ಕಣದ ಬಂಡೆ ಕಣೆ. ನಿಮ್ಮ ಮಾವ ಇಲ್ಲೇ ರಾಗಿ ಬಡೀತಿದ್ದಿದ್ದು. ಮದ್ವೆಯಾಗಿ ಬಂದ ವರ್ಷ ನಾನು ತೂರಿದ್ದೂ ಇಲ್ಲೇಯ." ತಿರುಗಿ ಬಂದ್ರು. "ಇಲ್ಲಿ ನಿಂತು ನಾನು ಅಂಗೆಲ್ಲ ಅನ್ನಾಕಿಲ್ಲ."

"ಅಜ್ಜಿ, ಇದು ಹೊಲ ಅಲ್ಲ, ಹೋಟ್ಲು" ಅಂದ್ರು ಮೇಡಂ, ಅಳೋ ಥರ.

"ನಿನ್ನ ಫೋನೇ ಒಲ ಅಂತೈತಲ್ಲ ತಾಯಿ. ಗೌರ್ಮೆಂಟ್ ಫೋನು ಸುಳ್ಳೇಳ್ತದಾ?"

ಮೇಡಂ ಫೋನಿನ ಬ್ಯಾಟರಿ ಕೆಂಪಾಗಿತ್ತು, ಮಧ್ಯೆ ಮಧ್ಯೆ ಸಾಹೇಬ್ರು ಬೇರೆ ಕರೀತಿದ್ರು. ಮಿಲೆಟ್ ಕ್ಯೂ ಬೆಳೀತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳ್ಬೇಡಿ. ಸವಾಲು ಹಾಕಿದ ಗಂಡನ ಮೇಲೆ, ನಕ್ಷೆ ತಿರುಗಿಸಿದೋರ ಮೇಲೆ, ಪೈಪ್ ಬಿಟ್ಟೋರ ಮೇಲೆ, ಹಠಮಾರಿ ಅತ್ತೆ ಮೇಲೆ. ಆದ್ರೆ ಒಂದು ಮಾತು ಹೇಳ್ತೀನಿ. ನಾನು ಏನೂ ಮಾಡ್ಬೇಕಾಗಿರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ನಿಂತಿದ್ರೆ ಸಾಕಿತ್ತು. ಬ್ಯಾಟರಿ ಹೋಗ್ತಿತ್ತು, ಪಟ್ಟಿ ಮುಗೀತಿತ್ತು, ಪಾರ್ಕಿಂಗ್ ಬರ್ತಿತ್ತು, ಲಿಫ್ಟ್ ಬರ್ತಿತ್ತು. ಅತ್ತೆನೂ ನನ್ನನ್ನ ಬೈಯೋ ಹಾಗಿರಲಿಲ್ಲ.

ಅತ್ತೆ ಮತ್ತೆ ಆ ಬಂಡೆ ಕಡೆ ತಿರುಗಿದ್ರು. ವಿಸಿಟರ್ ಸ್ಟಿಕ್ಕರ್ ಒಂದು ಮೂಲೆ ಬಿಟ್ಕೊಂಡು ಸೆರಗಿನ ಮೇಲೆ ಅಲ್ಲಾಡ್ತಿತ್ತು.

"ಮೇಡಂ, ನಾನು ಹೇಳಿದ್ರೆ ನಡೆಯುತ್ತಾ?"

"ಮನೆಯಲ್ಲಿ ಸಾಗುವಳಿ ಮಾಡೋರು ಯಾರಾದ್ರೂ ಹೇಳ್ಬಹುದು. ನೀವು ಬೇಸಾಯ ಮಾಡ್ತೀರಾ ಅಕ್ಕ?"

ಆ ಹೊಲಕ್ಕೆ ನಾನು ಒಂದು ದಿನನೂ ಕಾಲಿಟ್ಟೋಳಲ್ಲ. "ಮಾಡ್ತೀನಿ" ಅಂದೆ. ಅತ್ತೆ ನನ್ನ ಕಡೆ ಹುಬ್ಬೇರಿಸಿ ನೋಡಿದ್ರು, ಆದ್ರೆ ಅಲ್ಲ ಅನ್ನಲಿಲ್ಲ.

ಕ್ಯಾಮೆರಾ ನೋಡ್ಕೊಂಡು ಶುರು ಮಾಡಿದೆ. "ರಾಗಿ ಹೋಯ್ತು" ಅಂದೆ. ಅಷ್ಟು ಸಾಕಿತ್ತು, ಮೇಡಂ ಕೈ ಸನ್ನೆ ಮಾಡಿದ್ರು. ಆದ್ರೆ ನನ್ನ ಬಾಯಿ ನಿಲ್ಲಲಿಲ್ಲ. "ಎಲ್ಲಾ ಹೋಯ್ತು. ನಮ್ಮತ್ತೆ ಈ ವಯಸ್ಸಲ್ಲಿ ಬಗ್ಗಿ ಬಗ್ಗಿ ಕಳೆ ತೆಗೆದಿದ್ರು. ಟ್ರ್ಯಾಕ್ಟರ್‌ನೋನು ಇಷ್ಟು ತುಂಡಿಗೆ ಬರಲ್ಲ ಅಂದಾಗ ಗುದ್ದಲಿ ಹಿಡ್ಕೊಂಡು ಅವರೇ ಅಗೆದಿದ್ರು. ಪೈರು ಬಂದಾಗ ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಹೋಗಿ ನೋಡ್ತಿದ್ರು. ಅಡಿಗೆಮನೆ ಕಿಟಕಿಯಿಂದ ನಾನು ದಿನಾ ನೋಡಿದ್ದೀನಿ. ತೆನೆ ಬಗ್ಗಿದಾಗ ಕೈಯಲ್ಲಿ ಹಿಡ್ಕೊಂಡು, ಮಗು ಗಲ್ಲ ಸವರಿದಂಗೆ ಸವರ್ತಿದ್ರು. ಎಲ್ಲಾ ನೀರಲ್ಲಿ ಹೋಯ್ತು. ಅವರೆನೂ ಹೋಯ್ತು. ಒಂದು ಮುದ್ದೆಗೆ ಆಗೋಷ್ಟೂ ಉಳೀಲಿಲ್ಲ. ಹಾಳಾಗಿ ಹೋಯ್ತು!"

ನನ್ನ ಗಂಟಲು ಎಷ್ಟು ಏರಿತ್ತು ಅಂತ ನನಗೇ ಗೊತ್ತಾಗಿರಲಿಲ್ಲ. ಪೀಜಿಯಲ್ಲಿ ಮೂರು ಮಹಡಿಗೆ ಕೇಳೋ ಹಾಗೆ ಊಟಕ್ಕೆ ಕರೆದು ಅಭ್ಯಾಸ. ಕ್ಯೂನಲ್ಲಿದ್ದವರು ಸ್ಯಾಂಪಲ್ ಮರೆತು ಆ ಮೊಳಕೆ ತೆನೆ ನೋಡ್ತಿದ್ರು. ಹಿಂದೆ ಏನೋ ಸದ್ದಾಯ್ತು ಅಂತ ತಿರುಗಿದೆ. ಅತ್ತೆ ಸ್ಟೀಲ್ ಕುರ್ಚಿ ಮೇಲೆ ಕೂತು ಸೆರಗು ಬಾಯಿಗೊತ್ತಿ ಅಳ್ತಿದ್ರು. ಮಳೆ ಬಂದಾಗ ಅತ್ತಿರಲಿಲ್ಲ, ಪೈರು ಮಲಗಿದಾಗ ಅತ್ತಿರಲಿಲ್ಲ. ಮಾವ ಹೋದಾಗ ಬಿಟ್ರೆ ನಾನು ಅವರ ಅಳು ನೋಡಿದ್ದು ಅವತ್ತೇ.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. "ತಪ್ಪಾಯ್ತಾ ಅತ್ತೆ? ಅನ್ನಬಾರದಾಗಿತ್ತಾ?"

"ನಾನು ಅನ್ನಂಗಿಲ್ಲ" ಅಂದ್ರು, ಮೂಗು ಒರೆಸ್ಕೊಂಡು. "ಯಾರಾನಾ ಒಬ್ರು ಅನ್ನಬೇಕಿತ್ತು ಕಣವ್ವ. ಎದೆಯಾಗೇ ಕುಂತ್ಬಿಟ್ಟಿತ್ತು." ಕಣೆ, ಲೇ, ಇವಳೇ ಬಿಟ್ರೆ ಬೇರೆ ಥರ ಅವರು ನನ್ನನ್ನ ಕರೆದೋರೇ ಅಲ್ಲ. ನಾನೂ ಅತ್ತುಬಿಟ್ಟೆ, ಏನು ನಾಚಿಕೆ. ಜ್ಯೂಸ್ ಕೌಂಟರಿ‌ನವನು ಓಡಿ ಬಂದು ಒಂದು ಲೋಟ ಮೂಸಂಬಿ ಜ್ಯೂಸ್ ಕೊಟ್ಟ. ಅತ್ತೆ ಪೂರ್ತಿ ಕುಡಿದು, ಲೋಟ ವಾಪಸ್ ಕೊಟ್ಟು, "ಐಸ್ ಯಾಕೆ ಆಕ್ದೆ, ಶೀತ ಆಯ್ತದೆ" ಅಂತ ಅವನಿಗೇ ಬೈದ್ರು. ಮೇಡಂ ಕಣ್ಣು ಒರೆಸ್ಕೊಂಡು, "ಅಪ್‌ಲೋಡ್ ಆಯ್ತು ಅಕ್ಕ" ಅಂದ್ರು, ಅಷ್ಟು ಹೇಳೋ ಹೊತ್ತಿಗೆ ಫೋನ್ ಆಫ್ ಆಯ್ತು.

ಆ ಸುದ್ದಿ ನಮಗಿಂತ ಮುಂಚೆ ಮನೆ ಸೇರಿತ್ತು. ಪೀಜಿ ಹುಡುಗೀರೆಲ್ಲ ವಿಡಿಯೋ ಹಂಚ್ಕೊಂಡಿದ್ರು. ಯಜಮಾನ್ರು ಬಾಗಿಲಲ್ಲೇ ನಿಂತು, "ಏನಮ್ಮಾ ರೈತ ಮಹಿಳೆ, ಸಾರಿಗೆ ಉಪ್ಪು ಕಮ್ಮಿ, ಗೊಬ್ಬರ ಜಾಸ್ತಿ" ಅಂತ ಎಷ್ಟೋ ದಿನ ಗೋಳು ಹುಯ್ಕೊಂಡ್ರು. ಪರಿಹಾರ ಬರಲ್ಲ ಅಂತ ಅವರಿಗೆ ಎಷ್ಟು ಧೈರ್ಯ ಅಂದ್ರೆ, ಕಂಟ್ರಾಕ್ಟರಿಗೆ ಸೈ ಅಂದ್ಬಿಟ್ಟಿದ್ರು. ಅವನು ಒಂದು ಮಧ್ಯಾಹ್ನ ಟಿಪ್ಪರ್ ತಂದು ಹೊಲದ ಮೂಲೆಗೆ ಒಂದು ಲೋಡ್ ಜಲ್ಲಿ ಸುರಿದೂ ಹೋದ. ಅತ್ತೆ ಕಿಟಕಿ ಮುಚ್ಚಿದ್ರು. ಅವತ್ತು ಊಟಕ್ಕೂ ಬರಲಿಲ್ಲ.

ಮೆಸೇಜ್ ಬಂದಿದ್ದು ಒಂದು ಬೆಳಿಗ್ಗೆ, ನಾನು ಇಡ್ಲಿ ಇಳಿಸ್ತಿದ್ದಾಗ. ಅತ್ತೆ ತಮ್ಮ ಡಬ್ಬಾ ಫೋನ್ ತಂದು, "ಏನೋ ಟುಂಯ್ ಅಂತು, ಓದು" ಅಂದ್ರು. ಓದಿದೆ. ಇನ್ನೊಂದ್ಸಲ ಓದಿದೆ. ಬೆಳೆ ಪರಿಹಾರ, ಅವರ ಖಾತೆಗೇ ಬಂದಿತ್ತು. ಯಜಮಾನ್ರು ಫೋನ್ ಕಿತ್ಕೊಂಡು ನೋಡಿ, "ಇದೂ ಒಂದು ಪರಿಹಾರನೇನೇ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯೋಕಾಗಲ್ಲ" ಅಂತ ಜಾರಿಕೊಳ್ಳೋಕೆ ನೋಡಿದ್ರು. ಅತ್ತೆ ವಾದ ಮಾಡಲಿಲ್ಲ. "ಇವನ ಸೋದರಮಾವಂಗೆ ಫೋನ್ ಆಕು" ಅಂದ್ರು ನನಗೆ. ಮಧ್ಯಾಹ್ನದ ಮುದ್ದೆ ಹೊತ್ತಿಗೆ ಸೋದರಮಾವ ಹಾಜರ್. ಅವರು ಊಟಕ್ಕೂ ಕೂರಲಿಲ್ಲ, ಯಜಮಾನ್ರ ಎದುರಿಗೆ ನಿಂತ್ಕೊಂಡ್ರು ಅಷ್ಟೇ. ಯಜಮಾನ್ರು ಸ್ವಲ್ಪ ಹೊತ್ತು ಚಾವಣಿ ನೋಡಿದ್ರು, ಆಮೇಲೆ ಕಂಟ್ರಾಕ್ಟರಿಗೆ ಫೋನ್ ಹಚ್ಚಿ, "ಆಗಲ್ಲ ಗುರು, ಅದು ಹೊಲ" ಅಂದ್ರು.

ಜಲ್ಲಿ ವಾಪಸ್ ತಗೊಂಡು ಹೋಗಲ್ಲ ಅಂದ ಅವನು. ಭಾನುವಾರ ಬೆಳಿಗ್ಗೆ ಯಜಮಾನ್ರು ಒಂದು ಬಾಂಡ್ಲಿ, ಒಂದು ಸಲಿಕೆ ತಗೊಂಡು ತಾವೇ ಹೋದ್ರು. ಕೂಲಿಯವರನ್ನ ಕರೆಸ್ತೀನಿ ಅಂದಿದ್ದಕ್ಕೆ ಅತ್ತೆ, "ಯಾರು ಆಕಿಸಿದ್ರೋ ಅವರೇ ಎತ್ಲಿ" ಅಂದಿದ್ರು. ಕಿಟಕಿಯಿಂದ ನೋಡ್ತಿದ್ದೆ. ರಾಶಿ ಮುಗಿಸೋದೇ ಕಷ್ಟ ಅಂದ್ಕೊಂಡಿದ್ರೆ, ಮಣ್ಣಲ್ಲಿ ಸೇರಿಕೊಂಡ ಚೂರುಗಳನ್ನ ಕೈಯಲ್ಲೇ ಆಯಬೇಕಿತ್ತು. ಅತ್ತೆ ಬದು ಮೇಲೆ ಕೂತು, "ಅಲ್ಲೊಂದೈತೆ ನೋಡು, ನಿನ್ನ ಎಡಗಡೆ, ಅದರ ಪಕ್ಕದಾಗೂ ಐತೆ" ಅಂತ ತೋರಿಸ್ತಿದ್ರು. ಯಜಮಾನ್ರು ಗೊಣಗ್ತಾ ಬಗ್ಗಿ ಬಗ್ಗಿ ಎತ್ತಿದ್ರು. ಹಾಗೆ ಬಗ್ಗಿದವರು ಒಂದು ಕಡೆ ನಿಂತುಬಿಟ್ರು. ಅಲ್ಲಿ ಮಲಗಿದ್ದ ಪೈರು ಇನ್ನೂ ಹಾಗೇ ಇತ್ತು, ಕಪ್ಪಾಗಿ, ನೆಲಕ್ಕೆ ಅಂಟಿ. ಇಷ್ಟು ದಿನ ಅವರು ಮೇಲಿಂದ ನೋಡಿದ್ದೇ ಹೊರತು ಇಳಿದು ನೋಡಿರಲಿಲ್ಲ. ಒಂದು ತೆನೆ ಎತ್ತಿ ಕೈಯಲ್ಲಿ ತಿರುಗಿಸಿದ್ರು.

"ಇಷ್ಟೂ ಹೋಗಿತ್ತಾ ಅವ್ವಾ?" ಅಂದ್ರು.

"ಇನ್ನೊಂದು ಕಲ್ಲೈತೆ, ನಿನ್ನ ಕಾಲತ್ರ. ಎತ್ತು ಮಗ" ಅಂದ್ರು ಅತ್ತೆ.

ಅವರು ಎತ್ತಿದ್ರು. ನಾನು ಸಾರಿನ ಉರಿ ಸಣ್ಣ ಮಾಡಿ, ಹಿತ್ತಲಲ್ಲಿದ್ದ ಇನ್ನೊಂದು ಬಾಂಡ್ಲಿ ತಗೊಂಡು ಹೊಲಕ್ಕೆ ಇಳಿದೆ.